ಬಿಸಿಯಾದಾಗಲೇ ಬಯಲಾಗುವುದು ಕಾರಿನ ಗುಣ

ಶಿವಮೊಗ್ಗ–ಭದ್ರಾವತಿ ನಡುವೆ ದಿನವೂ ಓಡಾಡುವ ಮನೆಯ ಕಾರು ವರ್ಷಗಟ್ಟಲೆ ಯಾವ ತಕರಾರೂ ತೆಗೆಯದೆ ಇದ್ದುಬಿಡಬಹುದು. ದಾರಿ ಸುಮಾರು 20 ಕಿ.ಮೀ. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಕಳೆದು ಎಂಜಿನ್ ಪೂರ್ತಿ ಕಾವೇರುವಷ್ಟರಲ್ಲಿ ಭದ್ರಾವತಿ ಬಂದಿರುತ್ತದೆ. ಕಾರು ನಿಲ್ಲುತ್ತದೆ, ತಣ್ಣಗಾಗುತ್ತದೆ, ಸಂಜೆ ಮತ್ತೆ ಅಷ್ಟೇ ದೂರ. ಮಕ್ಕಳ ಶಾಲೆ, ದುರ್ಗಿಗುಡಿಯ ಬ್ಯಾಂಕು, ಗಾಂಧಿ ಬಜಾರಿನ ಸಾಮಾನು ಎಲ್ಲ ಇನ್ನೂ ಸಣ್ಣ ಓಡಾಟ. ಹೀಗೆ ಓಡಿದ ಗಾಡಿಯ ಬಗ್ಗೆ ಮನೆಯವರಿಗೆ ಧೈರ್ಯ ಬಂದುಬಿಡುತ್ತದೆ. ಇಲ್ಲಿಯವರೆಗೆ ಏನೂ ತೊಂದರೆ ಕೊಟ್ಟಿಲ್ಲ, ಇನ್ನೇನು ಕೊಟ್ಟೀತು ಎನ್ನುವ ಧೈರ್ಯ.

ಅದೇ ಕಾರಿಗೆ ದಸರಾ ರಜೆಯಲ್ಲೋ, ಅಡಿಕೆ ಮಾರಿ ಕೈಗೆ ನಾಲ್ಕು ಕಾಸು ಬಂದಾಗಲೋ, ಐದು ಜನ, ನಾಲ್ಕು ಬ್ಯಾಗು, ಒಂದು ಚಪಾತಿ ಡಬ್ಬಿ, ಒಂದು ನೀರಿನ ಕ್ಯಾನು ತುಂಬಿ ಬೆಳಗಿನ ಜಾವ ತಿರುಪತಿಗೋ ಧರ್ಮಸ್ಥಳಕ್ಕೋ ಶಬರಿಮಲೆಗೋ ಹೊರಡುತ್ತೇವೆ. ಆಗ ಅದರ ಕೆಲಸವೇ ಬೇರೆ. ಭಾರ ಹೆಚ್ಚು, ವೇಗ ಹೆಚ್ಚು, ಎಲ್ಲಕ್ಕಿಂತ ಮಿಗಿಲಾಗಿ ನಡುವೆ ತಣ್ಣಗಾಗಲು ಸಮಯವಿಲ್ಲ. ದೂರದ ದಾರಿಯಲ್ಲಿ ಕೈಕೊಡುವ ಭಾಗಗಳ ಪಟ್ಟಿ ತೆಗೆದು ನೋಡಿ: ಟೈರ್ ಸಿಡಿಯುವುದು, ಬ್ರೇಕ್ ಹಿಡಿಯದಿರುವುದು, ಎಂಜಿನ್ ಕುದಿಯುವುದು. ಮೂರಕ್ಕೂ ಮೂಲ ಒಂದೇ, ಬಿಸಿ. ಊರೊಳಗಿನ ಓಡಾಟದಲ್ಲಿ ಕಾರು ಆ ಮಟ್ಟದ ಬಿಸಿಗೆ ಏರುವುದೇ ಇಲ್ಲ. ಹಾಗಾಗಿ ಅದರ ದೌರ್ಬಲ್ಯ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಪ್ರವಾಸಕ್ಕೆ ಗಾಡಿ ಸಿದ್ಧ ಮಾಡುವುದೆಂದರೆ, ಆ ಬಿಸಿಯನ್ನು ಅದು ತಡೆದೀತೇ ಎಂದು ಹೊರಡುವ ಮೊದಲೇ ಮನೆ ಬಾಗಿಲಲ್ಲಿ ತಿಳಿದುಕೊಳ್ಳುವುದು ಎಂದೇ ನಾನು ನಂಬಿದ್ದೇನೆ.

ಶಿವಮೊಗ್ಗದವರಿಗೆ ಇದು ಇನ್ನಷ್ಟು ಮುಖ್ಯ. ನಮ್ಮ ಊರು ಕೂತಿರುವ ಜಾಗವೇ ಹಾಗೆ. ಪೂರ್ವಕ್ಕೆ ಹೊರಟರೆ ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಎಂದು ಬಯಲಿನ ನೇರ ರಸ್ತೆ. ಚತುಷ್ಪಥವಾದ ಕಡೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ, ಗಂಟೆಗಟ್ಟಲೆ ಒಂದೇ ವೇಗ. ಇದು ಟೈರಿಗೆ ಪರೀಕ್ಷೆ. ಪಶ್ಚಿಮಕ್ಕೆ ಹೊರಟರೆ ಘಾಟಿ ಇಳಿಯದೆ ಗತಿಯಿಲ್ಲ. ತೀರ್ಥಹಳ್ಳಿ ಮೇಲೆ ಹೋದರೆ ಆಗುಂಬೆ, ಕುಂದಾಪುರಕ್ಕಾದರೆ ಹುಲಿಕಲ್, ಕೊಲ್ಲೂರಿಗಾದರೆ ನಾಗೋಡಿ, ಹೊನ್ನಾವರಕ್ಕಾದರೆ ಗೇರುಸೊಪ್ಪೆ. ಇದು ಬ್ರೇಕಿಗೆ ಪರೀಕ್ಷೆ. ಮರಳಿ ಬರುವಾಗ ಅದೇ ಘಾಟಿ ಹತ್ತಬೇಕು, ಅದು ಎಂಜಿನ್ನಿಗೆ.

ಟೈರಿನಿಂದಲೇ ಶುರು ಮಾಡೋಣ. ಗಾಳಿ ಕಡಿಮೆಯಾದ ಟೈರ್ ನೆಲಕ್ಕೆ ತಾಗುವ ಕಡೆ ಅಮುಕಿಕೊಂಡು, ಮೇಲೆ ಬಂದಾಗ ಮತ್ತೆ ಹಿಗ್ಗುತ್ತದೆ. 80 ಕಿ.ಮೀ. ವೇಗದಲ್ಲಿ ಸಾಧಾರಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ಹಾಕುತ್ತದೆ. ಎಂದರೆ ಟೈರಿನ ಪಕ್ಕದ ಗೋಡೆ ಸೆಕೆಂಡಿಗೆ 12 ಸಲ ಬಾಗಿ ನೆಟ್ಟಗಾಗಬೇಕು. ಒಂದು ತಂತಿಯನ್ನು ಪದೇ ಪದೇ ಬಗ್ಗಿಸಿದರೆ ಬಗ್ಗಿದ ಜಾಗ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ರಬ್ಬರಿನಲ್ಲೂ ನಡೆಯುವುದು ಅದೇ. ಗಾಳಿ ಕಡಿಮೆಯಿದ್ದಷ್ಟೂ ಬಾಗುವುದು ಹೆಚ್ಚು, ಭಾರ ಹೆಚ್ಚಿದ್ದಷ್ಟೂ ಇನ್ನೂ ಹೆಚ್ಚು. ಕಡೂರಿನಾಚೆ ಮಧ್ಯಾಹ್ನದ ಬಿಸಿಲಿಗೆ ಕಾದ ಡಾಂಬರೂ ಸೇರಿದರೆ ಒಳಗಿನ ಪದರಗಳು ಬಿಡುತ್ತವೆ, ಟೈರ್ ಸಿಡಿಯುತ್ತದೆ. ಸಿಡಿದ ಟೈರ್ ನೋಡಿ ಗಾಳಿ ಹೆಚ್ಚಾಗಿತ್ತು ಎನ್ನುವವರೇ ಹೆಚ್ಚು. ಬಹಳ ಸಲ ಕಾರಣ ತದ್ವಿರುದ್ಧ.

ಎಷ್ಟು ಗಾಳಿ ಬೇಕು ಎಂದು ಪಂಕ್ಚರ್ ಅಂಗಡಿಯವರನ್ನು ಕೇಳುವ ಅಗತ್ಯವಿಲ್ಲ. ಚಾಲಕನ ಕಡೆಯ ಬಾಗಿಲು ತೆರೆದರೆ ಕಂಬದ ಮೇಲೊಂದು ಸ್ಟಿಕ್ಕರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಇರುತ್ತದೆ. ಅದರಲ್ಲಿ ಒಬ್ಬಿಬ್ಬರು ಕೂತಾಗ ಎಷ್ಟು, ಪೂರ್ತಿ ಭಾರ ಹೇರಿದಾಗ ಎಷ್ಟು ಎಂದು ಬಹುತೇಕ ಕಂಪನಿಗಳು ಬೇರೆಬೇರೆಯಾಗಿ ಬರೆದಿರುತ್ತವೆ. ನಾವು ವರ್ಷವಿಡೀ ಮೊದಲನೆಯ ಲೆಕ್ಕದಲ್ಲಿ ಗಾಳಿ ಹಿಡಿಸಿ, ಪ್ರವಾಸಕ್ಕೂ ಅದರಲ್ಲೇ ಹೊರಟುಬಿಡುತ್ತೇವೆ. ಭಾರದ ಲೆಕ್ಕದಲ್ಲಿ ಹಿಂದಿನ ಚಕ್ರಗಳಿಗೆ ಸಾಮಾನ್ಯವಾಗಿ ಹೆಚ್ಚು ಗಾಳಿ ಬೇಕು. ಗಾಳಿ ನೋಡಬೇಕಾದ್ದು ಬೆಳಗ್ಗೆ, ಟೈರ್ ತಣ್ಣಗಿರುವಾಗ. ಓಡಿದ ಮೇಲೆ ಒತ್ತಡ ತಾನಾಗಿ ನಾಲ್ಕೈದು ಪಾಯಿಂಟ್ ಏರುತ್ತದೆ. ಅರಸೀಕೆರೆಯಲ್ಲಿ ನಿಲ್ಲಿಸಿ ಜಾಸ್ತಿ ಇದೆ ಎಂದು ಬಿಸಿ ಟೈರಿನ ಗಾಳಿ ಬಿಡಿಸಿದರೆ, ಅದು ತಣ್ಣಗಾದಾಗ ಬೇಕಾದ್ದಕ್ಕಿಂತ ಕಡಿಮೆಯಾಗಿರುತ್ತದೆ. ನೈಟ್ರೋಜನ್ ಹಾಕಿಸಿದರೆ ತಪ್ಪೇನಿಲ್ಲ. ಆದರೆ ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ದುಡ್ಡು ಕೊಟ್ಟು ನೈಟ್ರೋಜನ್ ಹಾಕಿಸಿ ಮೂರು ತಿಂಗಳು ಮರೆಯುವುದಕ್ಕಿಂತ, ಹದಿನೈದು ದಿನಕ್ಕೊಮ್ಮೆ ಪೆಟ್ರೋಲ್ ಬಂಕಿನ ಮಾಮೂಲಿ ಗಾಳಿ ಹಿಡಿಸುವುದು ಮೇಲು.

ಗ್ರಿಪ್ ಎಷ್ಟು ಉಳಿದಿದೆ ಎಂಬುದಕ್ಕೆ ಟೈರಿನಲ್ಲೇ ಗುರುತಿದೆ. ಗೀರುಗಳ ತಳದಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ, ಎತ್ತರ 1.6 ಮಿ.ಮೀ. ಟೈರ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರವೇ ಅದರ ಕಾಲ ಮುಗಿಯಿತು. ಮಳೆಯಲ್ಲಿ ಘಾಟಿ ಇಳಿಯುವವರು ಅಲ್ಲಿಯವರೆಗೂ ಕಾಯಬಾರದು, 3 ಮಿ.ಮೀ. ಇರುವಾಗಲೇ ಬದಲಿಸುವುದು ಒಳ್ಳೆಯದು. ಇನ್ನೊಂದು, ವಯಸ್ಸು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಪುಟ್ಟ ಚೌಕಟ್ಟು ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಶಿವಮೊಗ್ಗದ ಎಷ್ಟೋ ಮನೆಗಳಲ್ಲಿ ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಮಾತ್ರ ಓಡುವ ಕಾರುಗಳಿವೆ. ಅವುಗಳ ಟೈರಿನಲ್ಲಿ ಗ್ರಿಪ್ ಹೊಸದರಂತೆ ಕಾಣುತ್ತದೆ, ರಬ್ಬರ್ ಮಾತ್ರ ಒಣಗಿ ಬಿರುಕು ಬಿಟ್ಟಿರುತ್ತದೆ. ಆರು ವರ್ಷ ದಾಟಿದ ಟೈರನ್ನು ದೂರ ಪ್ರಯಾಣಕ್ಕೆ ನಾನು ನಂಬಲಾರೆ, ಗ್ರಿಪ್ ಎಷ್ಟೇ ಇರಲಿ. ದೂರ ಹೊರಡುವ ಮುನ್ನ ಗಾಲಿಗೆ ನಿಂಬೆಹಣ್ಣು ಇಡುವ ಪದ್ಧತಿ ನಮ್ಮಲ್ಲಿದೆ. ಹಣ್ಣು ಇಡಲು ಬಗ್ಗಿದಾಗ ಒಂದು ನಿಮಿಷ ಟೈರಿನ ಒಳಬದಿಗೂ ಕಣ್ಣು ಹಾಯಿಸಿ. ಅಲೈನ್‌ಮೆಂಟ್ ತಪ್ಪಿದ ಗಾಡಿಯಲ್ಲಿ ಬಹಳ ಸಲ ಟೈರ್ ಸವೆಯುವುದು ಅಲ್ಲೇ, ನಿಂತು ನೋಡುವವರಿಗೆ ಕಾಣದ ಕಡೆ.

ಇನ್ನು ಘಾಟಿ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. 14 ಕಡಿದಾದ ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ 500 ಮೀಟರ್ ಕೆಳಗೆ ಬಂದಿರುತ್ತೇವೆ. ಜನ, ಸಾಮಾನು ಸೇರಿ 1,500 ಕೆ.ಜಿ. ತೂಗುವ ಕಾರು ಅಷ್ಟು ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ ಎಷ್ಟು ಎಂದು ಲೆಕ್ಕ ಹಾಕಿದರೆ, ತಣ್ಣೀರು ತುಂಬಿದ 23 ಲೀಟರಿನ ಒಂದು ಹಂಡೆಯನ್ನು ಕುದಿಯುವ ತನಕ ಕಾಯಿಸಲು ಸಾಕಾಗುವಷ್ಟು. ಬಚ್ಚಲೊಲೆಯಲ್ಲಿ ಒಂದು ಹಂಡೆ ನೀರು ಮರಳಲು ಎಷ್ಟು ಸೌದೆ ಬೇಕು ಎಂಬುದು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಅಷ್ಟೂ ಕಾವು ಎಲ್ಲಿಗಾದರೂ ಹೋಗಲೇಬೇಕು. ನ್ಯೂಟ್ರಲ್‌ನಲ್ಲಿ ಇಳಿಸಿದರೆ ಗಾಳಿಯ ತಡೆಗೆ ಹೋಗುವ ಅಲ್ಪ ಪಾಲು ಬಿಟ್ಟು ಉಳಿದದ್ದೆಲ್ಲ ಬ್ರೇಕಿನ ನಾಲ್ಕು ಸಣ್ಣ ಕಬ್ಬಿಣದ ತುಂಡುಗಳಿಗೆ ಹೋಗುತ್ತದೆ. ಗೇರಿನಲ್ಲಿ ಇಳಿಸಿದರೆ ದೊಡ್ಡ ಪಾಲನ್ನು ಎಂಜಿನ್ ಎಳೆದುಕೊಂಡು, ಹೊಗೆಕೊಳವೆ ಮತ್ತು ರೇಡಿಯೇಟರ್ ಮೂಲಕ ಹೊರಗೆ ಹಾಕುತ್ತದೆ. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಲಾರಿ ಚಾಲಕರ ನಿಯಮದ ಹಿಂದಿರುವುದು ಈ ಲೆಕ್ಕವೇ.

ಪೆಟ್ರೋಲ್ ಉಳಿಯುತ್ತದೆ ಎಂದು ನ್ಯೂಟ್ರಲ್ ಹಾಕಿ ಇಳಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಈಗಿನ ಫ್ಯೂಯಲ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಹೋಗುವುದೇ ನಿಂತುಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡ್ಲಿಂಗ್‌ಗೆ ಇಂಧನ ಕುಡಿಯುತ್ತಲೇ ಇರುತ್ತದೆ. ಎಂದರೆ ಉಳಿತಾಯದ ಲೆಕ್ಕವೂ ಸುಳ್ಳು, ಬ್ರೇಕೂ ಹಾಳು. ಆಟೋಮ್ಯಾಟಿಕ್ ಕಾರು ಕೊಂಡವರು ಇನ್ನೊಂದು ವಿಷಯ ಗಮನಿಸಬೇಕು. ಅನೇಕರು ಎಲ್ಲ ಕಡೆ 'ಡಿ'ಯಲ್ಲೇ ಓಡಿಸುತ್ತಾರೆ. ಊರಿನಲ್ಲಿ ಅದು ಸರಿ. ಘಾಟಿ ಇಳಿಯುವಾಗ 'ಎಲ್' ಅಥವಾ 'ಎಸ್'ಗೆ, ಎಎಂಟಿ ಕಾರಾದರೆ ಮ್ಯಾನ್ಯುಯಲ್‌ಗೆ ಹಾಕಿ ಕೆಳಗಿನ ಗೇರು ಹಿಡಿಯಬೇಕು. ಹೊರಡುವ ವಾರ ಮೊದಲು ಖಾಲಿ ರಸ್ತೆಯೊಂದರಲ್ಲಿ ಇದನ್ನು ಅಭ್ಯಾಸ ಮಾಡಿಕೊಳ್ಳಿ. ಆಗುಂಬೆಯ ಮೂರನೇ ತಿರುವಿನಲ್ಲಿ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಕಲಿಯುವ ವಿದ್ಯೆಯಲ್ಲ ಅದು.

ಬ್ರೇಕ್ ಪ್ಯಾಡ್ ಸವೆದಿದೆಯೇ ಎಂದು ಎಲ್ಲರೂ ನೋಡಿಸುತ್ತಾರೆ. ಬ್ರೇಕ್ ಆಯಿಲ್ ಬಗ್ಗೆ ಕೇಳುವವರು ಕಡಿಮೆ. ಅಪಾಯ ಹೆಚ್ಚಾಗಿ ಅಡಗಿರುವುದು ಅಲ್ಲಿ. ಈ ಎಣ್ಣೆಗೆ ಗಾಳಿಯ ತೇವ ಹೀರುವ ಗುಣವಿದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯಬಹುದು. ಡಾಟ್ 3 ಆದರೆ 205ರಿಂದ 140ಕ್ಕೆ. ನಾಲ್ಕು ತಿಂಗಳು ಸುರಿಯುವ ಮಳೆ, ಒಣಗದ ಗೋಡೆ, ಬೂಸ್ಟು ಹಿಡಿಯುವ ಚಪ್ಪಲಿಗಳ ನಾಡು ನಮ್ಮದು, ಇಲ್ಲಿಯ ಗಾಳಿಯಲ್ಲಿ ತೇವಕ್ಕೇನು ಕೊರತೆ? ಹಳೆಯ ಎಣ್ಣೆ ಘಾಟಿಯ ಬಿಸಿಗೆ ಕುದಿದು ಪೈಪಿನೊಳಗೆ ಆವಿಗುಳ್ಳೆ ಎದ್ದರೆ, ಪೆಡಲ್ ನೆಲದವರೆಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಐದು ನಿಮಿಷ ತಣ್ಣಗಾದರೆ ಬ್ರೇಕ್ ಮತ್ತೆ ಸರಿಯಾಗುತ್ತದೆ, ಗ್ಯಾರೇಜಿನಲ್ಲಿ ನೋಡಿದರೆ ಏನೂ ದೋಷ ಕಾಣುವುದಿಲ್ಲ. ಈ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಕಾರು ಎಷ್ಟೇ ಕಡಿಮೆ ಓಡಿರಲಿ. ಖರ್ಚು ದೊಡ್ಡದಲ್ಲ. ಸರ್ವಿಸ್ ಬಿಲ್ಲಿನಲ್ಲಿ ಕೊನೆಯ ಸಲ ಯಾವಾಗ ಬದಲಾಗಿದೆ ಎಂದು ಹುಡುಕಿ, ದಾಖಲೆ ಸಿಗದಿದ್ದರೆ ಬದಲಾಗಿಲ್ಲ ಎಂದೇ ತಿಳಿಯಿರಿ.

ಬಿಸಿ ಮತ್ತು ಕಬ್ಬಿಣದ ಸಂಬಂಧ ಭದ್ರಾವತಿಯವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೈಸೂರು ಸರ್ಕಾರ 1918ರಲ್ಲಿ ಅಲ್ಲಿ ಕಟ್ಟಲು ತೊಡಗಿದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿತು. ಮಲೆನಾಡಿನ ಕಾಡಿನ ಕಟ್ಟಿಗೆಯ ಇದ್ದಿಲೇ ಅದರ ಕುಲುಮೆಗೆ ಉರುವಲು. ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆಯಲ್ಲಿ ಮೂರು ತಲೆಮಾರು ದುಡಿದಿದೆ. ಕೆಂಪಗೆ ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೆ ಎಂಬುದು ಅಲ್ಲಿ ಕೆಲಸ ಮಾಡಿ ನಿವೃತ್ತರಾದ ಎಲ್ಲರಿಗೂ ಗೊತ್ತು. ಕಾರಿನ ಬ್ರೇಕ್ ಡಿಸ್ಕ್ ಕೂಡ ಎರಕದ ಕಬ್ಬಿಣವೇ. ಆದರೂ ಘಾಟಿ ಇಳಿದ ಕೂಡಲೇ, ಸುಟ್ಟ ವಾಸನೆ ಬಂತೆಂದು ಹಳ್ಳದ ನೀರು ತಂದು ಚಕ್ರಕ್ಕೆ ಎರಚುವವರನ್ನು ನೋಡುತ್ತೇವೆ. ಹಾಗೆ ಮಾಡಿದರೆ ಡಿಸ್ಕ್ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಆಮೇಲೆ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಸ್ಟೇರಿಂಗ್ ನಡುಗುತ್ತದೆ. ವಾಸನೆ ಬಂದರೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ಕಾದರೆ ಸಾಕು.

ಹತ್ತುವಾಗಿನ ಕಥೆ ಬೇರೆ. ಐದು ಜನ, ಎಸಿ, ಎರಡನೇ ಗೇರು, ಕಡಿಮೆ ವೇಗ. ಎದುರುಗಾಳಿ ರೇಡಿಯೇಟರಿಗೆ ಸಿಗುವುದಿಲ್ಲ, ಫ್ಯಾನೇ ಗತಿ. ಕೂಲೆಂಟ್ ಎಂದರೆ ಬಣ್ಣದ ನೀರು ಎಂದು ತಿಳಿದವರು ಬೋರ್‌ವೆಲ್ ನೀರನ್ನೇ ತುಂಬಿಸುತ್ತಾರೆ. ಅದರಲ್ಲಿನ ಲವಣ ಒಳಗೆ ಕಟ್ಟಿಕೊಂಡು ಸಣ್ಣ ನಾಳಗಳನ್ನು ಮುಚ್ಚುತ್ತದೆ. ಕೂಲೆಂಟ್ ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಇದರ ಜೊತೆಗೆ ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ 100 ಡಿಗ್ರಿ ದಾಟಿದರೂ ಅದು ಕುದಿಯದೆ ನಿಲ್ಲುತ್ತದೆ. ಮುಚ್ಚಳದ ರಬ್ಬರ್ ವಾಷರ್ ಸೋತಿದ್ದರೆ ಆ ಒತ್ತಡ ನಿಲ್ಲುವುದಿಲ್ಲ. ಸಣ್ಣ ವಸ್ತು, ಪ್ರವಾಸಕ್ಕೆ ಮುಂಚೆ ಒಮ್ಮೆ ನೋಡಿಸಿ. ಹೋಸ್ ಪೈಪುಗಳನ್ನು ಎಂಜಿನ್ ತಣ್ಣಗಿರುವಾಗ ಬೆರಳಿನಿಂದ ಅದುಮಿ ನೋಡಬಹುದು. ತೀರಾ ಮೆತ್ತಗಾಗಿದ್ದರೂ ಕಡ್ಡಿಯಂತೆ ಗಟ್ಟಿಯಾಗಿದ್ದರೂ ಬದಲಿಸುವ ಕಾಲ ಬಂದಿದೆ. ಘಾಟಿಯಲ್ಲಿ ಮುಳ್ಳು ಕೆಂಪಿನತ್ತ ಹೋದರೆ ಮೊದಲು ಎಸಿ ಬಂದ್ ಮಾಡಿ, ಜಾಗ ನೋಡಿ ನಿಲ್ಲಿಸಿ. ಬಿಸಿಯಿರುವಾಗ ಮುಚ್ಚಳ ಮಾತ್ರ ತೆರೆಯಬೇಡಿ. ಒತ್ತಡದಲ್ಲಿದ್ದ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಉಳಿದ ದ್ರವಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಂಜಿನ್ ಆಯಿಲ್ ಅನ್ನು ಸಮತಟ್ಟು ನೆಲದಲ್ಲಿ, ಎಂಜಿನ್ ಆರಿಸಿ ಐದು ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಮತ್ತೆ ಅದ್ದಿ ನೋಡಿ. ಎರಡು ಗೆರೆಗಳ ನಡುವೆ ಇರಬೇಕು, ಮೇಲಿನ ಗೆರೆ ದಾಟಿದರೂ ಕೇಡೇ. ಗಾಜು ತೊಳೆಯುವ ನೀರು ತುಂಬಿಸಿ. ಬ್ಯಾಟರಿ ನಾಲ್ಕು ವರ್ಷ ಹಳತಾಗಿದ್ದರೆ ಪರೀಕ್ಷೆ ಮಾಡಿಸಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ, 12.4ಕ್ಕಿಂತ ಕೆಳಗಿದ್ದರೆ ಯೋಚಿಸಬೇಕು. ಡೀಸೆಲ್‌ನ ಬಿಎಸ್6 ಗಾಡಿಗಳಿಗೆ ಸಣ್ಣ ಓಡಾಟವೇ ಶತ್ರು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳಲು ಹೈವೇ ಓಟದ ಬಿಸಿ ಬೇಕು, ಅದು ದಿನದ ಐದು ಕಿ.ಮೀ. ಓಡಾಟದಲ್ಲಿ ಸಿಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಹೊತ್ತಿದ್ದರೆ ನಿರ್ಲಕ್ಷಿಸಿ ಹೊರಡಬೇಡಿ. ಹಳೆಯ ಪೆಟ್ರೋಲ್ ಕಾರುಗಳವರು ಇಂಧನದ ರಬ್ಬರ್ ಪೈಪುಗಳನ್ನೂ ನೋಡಿಸಬೇಕು. ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಶೇ 20 ಎಥನಾಲ್ ಬೆರೆತ ಪೆಟ್ರೋಲು, ಹಳೆಯ ಗಾಡಿಗಳ ರಬ್ಬರನ್ನು ಅದಕ್ಕಾಗಿ ತಯಾರಿಸಿರಲಿಲ್ಲ.

ಮಲೆನಾಡಿನ ಕಾರಿಗೆ ಇನ್ನೆರಡು ಕಾಟಗಳಿವೆ, ಕಂಪನಿಯ ಪುಸ್ತಕದಲ್ಲಿ ಅವುಗಳ ಪ್ರಸ್ತಾಪ ಸಿಗುವುದು ಕಡಿಮೆ. ಒಂದು, ಇಲಿ. ಕೊಟ್ಟಿಗೆ, ಅಡಿಕೆ ಚೀಲ, ಹುಲ್ಲಿನ ಬಣವೆ ಹತ್ತಿರ ನಿಲ್ಲುವ ಕಾರಿನ ಬಾನೆಟ್ ಅಡಿಯಲ್ಲಿ ಬೆಚ್ಚಗಿನ ಜಾಗ ಹುಡುಕಿ ಇಲಿ ಸೇರುತ್ತದೆ, ವೈರು ಕಡಿಯುತ್ತದೆ. ಅರ್ಧ ಕಡಿದ ವೈರು ಊರಿನಲ್ಲಿ ಕೆಲಸ ಮಾಡುತ್ತಲೇ ಇದ್ದು ದಾರಿಯ ಕುಲುಕಾಟಕ್ಕೆ ಕಡಿದುಹೋಗಬಹುದು. ಬಾನೆಟ್ ತೆರೆದು ಟಾರ್ಚ್ ಹಿಡಿದು ಹಿಕ್ಕೆ, ಹುಲ್ಲು, ಬಟ್ಟೆಚೂರು ಇದೆಯೇ ನೋಡಿ. ಇನ್ನೊಂದು, ತರಗೆಲೆ. ವೈಪರಿನ ಬುಡದ ಜಾಲರಿಯಲ್ಲಿ ಎಲೆ ಕೊಳೆತು ನೀರು ಹರಿಯುವ ತೂತು ಕಟ್ಟಿಕೊಂಡರೆ, ಮಳೆನೀರು ಕಾರಿನೊಳಗೇ ಇಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ. ವೈಪರ್ ರಬ್ಬರ್ ಒಮ್ಮೆ ನೀರು ಹಾಕಿ ಓಡಿಸಿ ನೋಡದೆ ಆ ಕಡೆ ಹೊರಡುವುದು ಕಣ್ಣು ಮುಚ್ಚಿ ಓಡಿಸಿದಂತೆಯೇ.

ಈ ಎಲ್ಲ ಕೆಲಸ ಯಾವಾಗ ಮಾಡಿಸಬೇಕು ಎಂಬುದು, ಏನು ಮಾಡಿಸಬೇಕು ಎಂಬಷ್ಟೇ ಮುಖ್ಯ. ಶುಕ್ರವಾರ ರಾತ್ರಿ ಹೊರಡುವವರು ಶುಕ್ರವಾರ ಮಧ್ಯಾಹ್ನ ಸರ್ವಿಸ್‌ನಿಂದ ಕಾರು ತರುವುದು ನಮ್ಮಲ್ಲಿ ಮಾಮೂಲು. ಇದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಬಿಚ್ಚಿ ಜೋಡಿಸಿದ ಗಾಡಿಯಲ್ಲಿ ಸಡಿಲ ನಟ್ಟು, ಸರಿಯಾಗಿ ಕೂರದ ಪೈಪು ಇರುವ ಸಾಧ್ಯತೆ ಆ ಮೊದಲ ನೂರು ಕಿ.ಮೀ.ಗಳಲ್ಲೇ ಹೆಚ್ಚು. ಎರಡು ಮೂರು ವಾರ ಮೊದಲೇ ಕೊಡಿ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನ ಪರಿಚಿತ ಮೆಕ್ಯಾನಿಕ್ ಆಗಲಿ, ಕಂಪನಿಯ ಸರ್ವಿಸ್ ಸೆಂಟರ್ ಆಗಲಿ, ಬೇಕಾದ ಬಿಡಿಭಾಗ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕಾದರೆ ಅದಕ್ಕೂ ಸಮಯ ಸಿಗುತ್ತದೆ. ಕೊಡುವಾಗ 'ಜನರಲ್ ಚೆಕಪ್ ಮಾಡಿ' ಎಂದರೆ ತೊಳೆದು ಪಾಲಿಶ್ ಮಾಡಿ ಕೊಟ್ಟಾರು. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಜನ, ಯಾವ ಘಾಟಿ ಎಂದು ಹೇಳಿ. ಒಳ್ಳೆಯ ಮೆಕ್ಯಾನಿಕ್ ಆಗ ಗಾಡಿಯನ್ನು ಲಿಫ್ಟಿಗೇರಿಸಿ, ಚಕ್ರವನ್ನು ಮೇಲೆ ಕೆಳಗೆ ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸುತ್ತಾನೆ. 'ಟಕ್' ಎಂದರೆ ಬೇರಿಂಗೋ ಬಾಲ್ ಜಾಯಿಂಟೋ ಸವೆದಿದೆ. ಆಮೇಲೆ ಪಕ್ಕದಿಂದ ಪಕ್ಕಕ್ಕೆ ಅಲುಗಾಡಿಸುತ್ತಾನೆ, ಸದ್ದು ಬಂದರೆ ಸ್ಟೇರಿಂಗ್ ಕೊಂಡಿ. ಅವನ ಪಕ್ಕದಲ್ಲಿ ನಿಂತು ಇದನ್ನು ನೋಡಿ, ಕೇಳಿ. ಸಂಕೋಚ ಬೇಡ.

ಗಾಡಿ ಮನೆಗೆ ಬಂದ ಮೇಲೆ ಬರುವ ಭಾನುವಾರ ಇಡೀ ಮನೆಯವರನ್ನು ಕೂರಿಸಿಕೊಂಡು, ಸಾಧ್ಯವಾದರೆ ಬ್ಯಾಗುಗಳ ಸಮೇತ, ಒಂದು ಸುತ್ತು ಹೊಡೆದು ಬನ್ನಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಮೇಲೆ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ತುಂಗೆಯ ಪಕ್ಕದ ಈ ದಾರಿಯಲ್ಲಿ ತಿರುವು, ಏರಿಳಿತ ಬೇಕಾದಷ್ಟಿವೆ. ಮರಳಿ ಬಂದು ನಿಲ್ಲಿಸಿದ ಕೂಡಲೇ ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿಯಿರಿ, ಮುಟ್ಟುವುದು ಬೇಡ. ಮುಂದಿನ ಎರಡೂ ಹೆಚ್ಚುಕಡಿಮೆ ಒಂದೇ ಕಾವಿನಲ್ಲಿರಬೇಕು, ಹಿಂದಿನ ಎರಡೂ ಹಾಗೆಯೇ. ಜೋಡಿಯಲ್ಲಿ ಒಂದು ಮಾತ್ರ ಉರಿ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಬಿಡದೆ ಕಚ್ಚಿಕೊಂಡಿದೆ ಅಥವಾ ಬೇರಿಂಗ್ ಹೋಗಿದೆ. ಯಾವ ಯಂತ್ರವೂ ಬೇಡದ ಈ ಪರೀಕ್ಷೆಯಷ್ಟು ಕಾರಿನ ಒಳಗುಟ್ಟು ಹೇಳುವುದು ನನಗೆ ತಿಳಿದಂತೆ ಇನ್ನೊಂದಿಲ್ಲ. ಕಾರು ನಿಂತ ಜಾಗದಲ್ಲಿ ರಾತ್ರಿ ಒಂದು ಹಳೆಯ ರಟ್ಟು ಹಾಸಿಡಿ. ಬೆಳಗ್ಗೆ ಅದರ ಮೇಲೆ ಬಿದ್ದ ಹನಿ ಸೋರಿಕೆ ಎಲ್ಲಿ ಎಂದು ತೋರಿಸುತ್ತದೆ. ಎಸಿಯ ತಿಳಿನೀರಾದರೆ ಚಿಂತೆಯಿಲ್ಲ, ಎಣ್ಣೆಯೋ ಬಣ್ಣದ ಕೂಲೆಂಟೋ ಆದರೆ ಮತ್ತೆ ಗ್ಯಾರೇಜಿಗೆ.

ಸ್ಟೆಪ್ನಿಯನ್ನು ಅಂಗಳದಲ್ಲೇ ಒಮ್ಮೆ ಇಳಿಸಿ ನೋಡಿ. ಗಾಡಿಯ ಅಡಿಯಲ್ಲಿ ನೇತಾಡುವ ಸ್ಟೆಪ್ನಿಯ ಬೋಲ್ಟ್ ಕೆಸರು ತುಕ್ಕು ಹಿಡಿದು ತಿರುಗದೆ ಕೂತಿರುತ್ತದೆ. ಅದನ್ನು ಬಿಡಿಸಲು ಎಣ್ಣೆ, ಸುತ್ತಿಗೆ, ಅರ್ಧ ಗಂಟೆ ಬೇಕಾಗುವುದು ಮನೆಯಲ್ಲಾದರೆ ಬೇಸರ, ಕತ್ತಲಲ್ಲಿ ಹೈವೇ ಅಂಚಿನಲ್ಲಾದರೆ ಅಪಾಯ. ಜಾಕ್, ಸ್ಪ್ಯಾನರ್ ಇದೆಯೇ, ಸ್ಟೆಪ್ನಿಗೆ ಗಾಳಿ ಇದೆಯೇ, ಅದರ ತಯಾರಿಕೆಯ ವರ್ಷ ಯಾವುದು ಎಲ್ಲ ಆಗಲೇ ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಿ ಸ್ಟೆಪ್ನಿ ಸಣ್ಣ ಅಳತೆಯದು, ಅದರ ಮೇಲೆ 80 ಕಿ.ಮೀ. ವೇಗದ ಮಿತಿ ಬರೆದಿರುತ್ತದೆ. ಮನೆಯಲ್ಲಿ ಕಾರು ಓಡಿಸುವ ಮಗಳು, ಸೊಸೆ, ಮಗ ಎಲ್ಲರೂ ಒಂದೊಂದು ಸಲ ಚಕ್ರ ಬಿಚ್ಚಿ ಹಾಕಿ ಕಲಿತರೆ ಒಳ್ಳೆಯದು.

ಭಾರದ ವಿಚಾರದಲ್ಲಿ ನಾವು ಬಹಳ ಉದಾರಿಗಳು. ಏಳು ಸೀಟಿನ ಗಾಡಿಗೆ ಒಂಬತ್ತು ಜನ, ಮೇಲಿನ ಕ್ಯಾರಿಯರ್ ಮೇಲೆ ಮಿಕ್ಕಿದ್ದೆಲ್ಲ. ಮೇಲೆ ಹೇರಿದ ಪ್ರತಿ ಕೆ.ಜಿ. ತಿರುವಿನಲ್ಲಿ ಗಾಡಿಯನ್ನು ಹೊರಗೆ ವಾಲಿಸುತ್ತದೆ. ಭಾರವಾದ ಬ್ಯಾಗುಗಳು ಡಿಕ್ಕಿಯ ತಳದಲ್ಲಿ, ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ, ಹಗುರದ್ದು ಮೇಲೆ. ಹಿಂದಿನ ಗಾಜಿನ ಬಳಿ ತೆಂಗಿನಕಾಯಿ, ಸ್ಟೀಲ್ ಫ್ಲಾಸ್ಕ್ ಇಡಬೇಡಿ. ಗಟ್ಟಿ ಬ್ರೇಕ್ ಹಾಕಿದರೆ ಅವು ಮುಂದಿನವರ ತಲೆಗೇ ಬರುತ್ತವೆ. ಹಿಂದೆ ಭಾರ ಬಿದ್ದಾಗ ಮುಂಭಾಗ ಎದ್ದು ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಟೇರಿಂಗ್ ಪಕ್ಕ 0, 1, 2, 3 ಎಂದಿರುವ ಚಿಕ್ಕ ಚಕ್ರ ಇರುವುದು ಬೆಳಕನ್ನು ತಗ್ಗಿಸಲಿಕ್ಕೇ, ಬಹಳ ಮಂದಿ ಅದನ್ನು ಮುಟ್ಟಿರುವುದೇ ಇಲ್ಲ.

ಹಿಂದಿನ ಸೀಟಿನವರ ಬೆಲ್ಟ್ ಬಗ್ಗೆ ಮಾತ್ರ ಯಾವ ರಿಯಾಯಿತಿಯೂ ಬೇಡ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡಾಗ ಕುಳಿತಿದ್ದದ್ದು ದುಬಾರಿ, ಗಟ್ಟಿಮುಟ್ಟಾದ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಬೆಲ್ಟ್ ಹಾಕದಿದ್ದರೆ 1,000 ರೂಪಾಯಿ ದಂಡ, 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ. ಸೀಟ್ ಕವರ್ ಅಡಿಯಲ್ಲಿ ಹುದುಗಿಹೋದ ಬೆಲ್ಟಿನ ಕೊಂಡಿಗಳನ್ನು ಹೊರಡುವ ಮುನ್ನವೇ ಎಳೆದು ಮೇಲಿಡಿ. ಅಜ್ಜಿ ಮೊಮ್ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡರೆ, ಉಬ್ಬುವ ಏರ್‌ಬ್ಯಾಗು ಮೊದಲು ಹೊಡೆಯುವುದು ಆ ಮಗುವಿಗೆ.

ಕಾಗದಪತ್ರಗಳಲ್ಲಿ ವಿಮೆ ಮತ್ತು ಎಮಿಷನ್ ಪತ್ರದ ದಿನಾಂಕ ನೋಡಿ. ಆರ್‌ಸಿ, ಲೈಸೆನ್ಸ್ ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ಒಂದು ವರ್ಷ ಅಥವಾ 200 ಸಲದ ದಾಟುವಿಕೆಗೆ; ಶುರುವಾದಾಗ ಅದರ ಬೆಲೆ 3,000 ರೂಪಾಯಿ ಇತ್ತು. ಹೆದ್ದಾರಿಯ ಸಹಾಯವಾಣಿ 1033, ಆಂಬುಲೆನ್ಸ್ 108, ಉಳಿದ ತುರ್ತಿಗೆ 112. ಬಂಡೀಪುರದ ಮೂಲಕ ಕೇರಳಕ್ಕೆ ಹೋಗುವವರು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ಸಂಚಾರ ಬಂದ್ ಎಂಬುದನ್ನು ನೆನಪಿಟ್ಟು ಹೊರಡಬೇಕು. ಮನೆಯ ಕಾರು ಸಾಲದೆಂದು ಪರಿಚಯದವರ ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ತೆಗೆದುಕೊಳ್ಳುವುದು ನಮ್ಮ ಕಡೆ ತೀರಾ ಸಾಮಾನ್ಯ. ಅಪಘಾತವಾದರೆ ವಿಮಾ ಪರಿಹಾರಕ್ಕೆ ಕುತ್ತು ಬರುವುದು ಅಲ್ಲೇ, ಬಾಡಿಗೆಗಾದರೆ ಹಳದಿ ಬೋರ್ಡನ್ನೇ ಹಿಡಿಯಿರಿ.

ಓಡಿಸುವವರ ದೇಹವೂ ಕಾದು ದಣಿಯುತ್ತದೆ. ರಾತ್ರಿ ಹನ್ನೊಂದರವರೆಗೆ ಪ್ಯಾಕಿಂಗ್ ಮಾಡಿ ಮೂರಕ್ಕೆ ಎದ್ದು ಹೊರಡುವುದು ಪುರುಷಾರ್ಥವೆಂದು ಭಾವಿಸುವ ಮನೆಗಳಿವೆ. ನಿದ್ದೆಗೆಟ್ಟವರ ಕಣ್ಣು ಎಳೆಯುವುದು ಕತ್ತಲಲ್ಲಿ ಮಾತ್ರವಲ್ಲ, ತುಮಕೂರು ಹತ್ತಿರವಾಗುವ ಬೆಳಗಿನ ಎಳೆಬಿಸಿಲಿಗೂ, ತಿಂಡಿ ತಿಂದ ಮೇಲೂ. ಐದೂವರೆಗೆ ಹೊರಟರೂ ದೇವರು ಅಲ್ಲೇ ಇರುತ್ತಾನೆ. ಎರಡು ಗಂಟೆಗೊಮ್ಮೆ ನಿಲ್ಲಿಸಿದಾಗ ಚಹಾ ಕುಡಿಯುವುದರ ಜೊತೆಗೆ ಕಾರಿನ ಸುತ್ತ ಒಂದು ಸುತ್ತು ಹಾಕಿ, ಟೈರು ನೋಡಿ, ಕೆಳಗೆ ಬಗ್ಗಿ ಏನಾದರೂ ತೊಟ್ಟಿಕ್ಕುತ್ತಿದೆಯೇ ಗಮನಿಸಿ.

ಮಲ್ಪೆ, ಮುರ್ಡೇಶ್ವರದ ಕಡೆ ಹೋಗಿ ಬಂದವರಿಗೆ ಒಂದು ಕೆಲಸ ಉಳಿದಿರುತ್ತದೆ. ಸಮುದ್ರದ ಉಪ್ಪುಗಾಳಿ, ಚಕ್ರದೊಳಗೆ ಸೇರಿದ ಉಪ್ಪು ಮರಳು ನಮ್ಮ ತೇವದ ಹವೆಯಲ್ಲಿ ಒಣಗದೆ ತುಕ್ಕು ಹಿಡಿಸುತ್ತವೆ. ಬಂದ ವಾರದೊಳಗೆ ಗಾಡಿ ಎತ್ತಿಸಿ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ. ಅದೇ ದಿನ ಕೂಲೆಂಟ್, ಎಂಜಿನ್ ಆಯಿಲ್ ಎಷ್ಟು ಇಳಿದಿದೆ, ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ಎಂದು ನೋಡಿ, ದಿನಾಂಕ ಮತ್ತು ಕಿ.ಮೀ. ಸಮೇತ ಡ್ಯಾಶ್‌ಬೋರ್ಡಿನ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಮೆಕ್ಯಾನಿಕ್ ಮೊದಲು ಕೇಳಬೇಕಾದ್ದು ಆ ಪುಟವನ್ನೇ.